ಮೂರು ಇಲಾಖೆಗಳ ನಡುವೆ ಒಬ್ಬ ಮನುಷ್ಯ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮೂರಿನ ಬಸ್ ನಿಲ್ದಾಣದಲ್ಲಿ ಯಾರೋ "ನಮಸ್ಕಾರ ಸಾರ್" ಎಂದರು. ತಿರುಗಿ ನೋಡಿದೆ. ಜಡೆಗಟ್ಟಿದ ಕೂದಲು, ಹೆಗಲಲ್ಲಿ ಗೋಣಿಚೀಲ. ಗುರುತು ಸಿಗಲಿಲ್ಲ. ಅವನೇ ತನ್ನ ಹಾಜರಿ ಸಂಖ್ಯೆಯನ್ನು ಹೇಳಿದ ಮೇಲೆ ತಿಳಿಯಿತು: ಮೂರನೆಯ ಬೆಂಚಿನಲ್ಲಿ ಕುಳಿತು ಭೂಪಟಗಳನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದ ಹುಡುಗ!

ವಿಚಾರಿಸಿದಾಗ ತಿಳಿದದ್ದಿಷ್ಟು. ಮನೋವ್ಯಾಧಿಯಿಂದ ಆಸ್ಪತ್ರೆ ಸೇರಿದ್ದ. ನಾಲ್ಕು ತಿಂಗಳಲ್ಲಿ ಚೇತರಿಸಿಕೊಂಡು ಮರಳಿದ. ಅಷ್ಟರಲ್ಲಿ ಒಡಹುಟ್ಟಿದವರು ಮನೆ ಮಾರಿಕೊಂಡು ಊರು ಬಿಟ್ಟಿದ್ದರು. ನಿಲ್ದಾಣದ ಜಗಲಿಯಲ್ಲಿ ಮಾತ್ರೆಗಳು ಮಳೆಗೆ ನೆನೆದುಹೋದವು, ಕಾಯಿಲೆ ಮರುಕಳಿಸಿತು. ಮದ್ದಿನ ದೋಷವಲ್ಲ, ಅದನ್ನು ಇಟ್ಟುಕೊಳ್ಳಲು ಅವನಿಗೊಂದು ಗೂಡಿರಲಿಲ್ಲ.

ಪೌರನೀತಿಯ ಪಾಠದಲ್ಲಿ ಪ್ರಶ್ನೋತ್ತರ ವೇಳೆಯ ಬಗ್ಗೆ ನಾನು ಕಲಿಸಿದ್ದು ನಿಮಗೆ ನೆನಪಿರಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು; ಅದರ ಮೇಲೆ ಉಪಪ್ರಶ್ನೆಗಳನ್ನೂ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರವಷ್ಟೇ. ಆದರೆ ಶಾಸಕರು ಮನೆಗಳ ಸಂಖ್ಯೆಯನ್ನು ವಸತಿ ಸಚಿವರಿಗೂ, ರಾತ್ರಿ ತಂಗುದಾಣಗಳ ವಿಷಯವನ್ನು ನಗರಾಡಳಿತಕ್ಕೂ, ಮನೋರೋಗ ಚಿಕಿತ್ಸೆಯನ್ನು ಆರೋಗ್ಯ ಸಚಿವರಿಗೂ ಬಿಡಿಬಿಡಿಯಾಗಿ ಕೇಳಿದರೆ ಆಗುವುದೇನು? ಮೂರು ಉತ್ತರಪತ್ರಿಕೆಗಳಿಗೂ ಪೂರ್ಣ ಅಂಕ ದೊರೆಯುತ್ತದೆ. ನಮ್ಮ ಹುಡುಗ ಮಾತ್ರ ನಪಾಸು.

ಅವನನ್ನು ನೋಡಿಕೊಳ್ಳುವುದು ಮನೆಯವರ ಕರ್ತವ್ಯವಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಮನೆಯವರು ಕೈಬಿಟ್ಟಾಗ ಏನು ಮಾಡಬೇಕೆಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸ್ಪಷ್ಟವಾಗಿ ಹೇಳಿದೆ. ನಿರ್ಗತಿಕರಿಗೂ ಮನೆಯಿಲ್ಲದವರಿಗೂ ಚಿಕಿತ್ಸೆ ಉಚಿತ. ಮನೆಯಿಲ್ಲ, ಕುಟುಂಬ ಒಪ್ಪುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಅಂಥವರಿಗೆ ಕಾನೂನಿನ ನೆರವು ನೀಡುವುದು, ಆಸ್ಪತ್ರೆಗೂ ಮನೆಗೂ ನಡುವಿನ ಪುನರ್ವಸತಿ ಗೃಹಗಳನ್ನು ಒದಗಿಸುವುದು ಸರ್ಕಾರದ ಹೊಣೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು 17 ಲಕ್ಷಕ್ಕೂ ಮೀರಿದ್ದರು. ಅವರಲ್ಲಿ ನನ್ನ ಶಿಷ್ಯನಂಥವರು ಎಷ್ಟು ಮಂದಿಯೋ!

1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮನೋರೋಗ ಚಿಕಿತ್ಸೆಯನ್ನು ಬಳ್ಳಾರಿ ಜಿಲ್ಲೆಯ ಹಳ್ಳಿಗಳಿಗೆ ಕೊಂಡೊಯ್ದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. ಅಂಥ ನಾಡಿನ ಶಾಸಕರು ಕೇಳಬೇಕಾದುದು ಇಷ್ಟೇ: "ನನ್ನ ಜಿಲ್ಲೆಯಲ್ಲಿ ಕಳೆದ ವರ್ಷ ಆಸ್ಪತ್ರೆಯಿಂದ ಗುಣಮುಖರಾಗಿ ಹೊರಬಂದ, ಮನೆಯಿಲ್ಲದವರು ಎಷ್ಟು ಮಂದಿ? ಅವರು ಈಗ ಎಲ್ಲಿ ಮಲಗುತ್ತಿದ್ದಾರೆ? ಅವರ ಹೊಣೆ ಯಾವ ಅಧಿಕಾರಿಯದು?" ಉತ್ತರ ಹಾರಿಕೆಯದಾದರೆ ಉಪಪ್ರಶ್ನೆ ಇದ್ದೇ ಇದೆ.

ನಿಮ್ಮಲ್ಲಿ ಹಲವರಿಗೆ ಶಾಸಕರ ಪರಿಚಯವಿದೆ. ದಯವಿಟ್ಟು ಈ ಪ್ರಶ್ನೆಯನ್ನು ಅವರ ಕೈಗೆ ಮುಟ್ಟಿಸಿ.

ನಾವು ಕೆಲವರು ಸೇರಿ ಅವನನ್ನು ಪುನಃ ಆಸ್ಪತ್ರೆಗೆ ಸೇರಿಸಿದ್ದೇವೆ. ಈ ಸಲವೂ ಚೇತರಿಸಿಕೊಳ್ಳುವನೆಂದು ವೈದ್ಯರು ಹೇಳುತ್ತಾರೆ. ಮೊನ್ನೆ ನೋಡಲು ಹೋದಾಗ ಅವನು ಮೆಲ್ಲಗೆ ಕೇಳಿದ: "ಸಾರ್, ಬಿಟ್ಟ ಮೇಲೆ ಎಲ್ಲಿಗೆ ಹೋಗಲಿ?"

ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ.