ಹೆಸರು ಕೇಳಿ, ನಿಂತು ಮಾತಾಡಿಸಿ



ಮಂಗಳೂರಿನ ನಮ್ಮ ಉರ್ವದ ಮಾರ್ಕೆಟಿನಲ್ಲಿ ಬಂಗುಡೆ ಮೀನು ಎಣಿಸಿಕೊಡುವ ಅಕ್ಕ, ಉರ್ವಸ್ಟೋರಿನಲ್ಲಿ ಬಾಡಿಗೆ ಕಾಯುವ ರಿಕ್ಷಾದಣ್ಣ, ಫ್ಲ್ಯಾಟಿನ ಗೇಟಿನಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ವಾಚ್‌ಮನ್. ದಿನಬೆಳಗಾದರೆ ಕಾಣುವ ಇವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು?

ಹರೇಕಳ ಹಾಜಬ್ಬರು ಇದೇ ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ತಮ್ಮೂರ ಮಕ್ಕಳಿಗೆ ಈ ಪಾಡು ಬರಬಾರದೆಂದು ಕಚೇರಿ ಕಚೇರಿ ಅಲೆದರು, ಹಣ್ಣು ಮಾರಿದ ದುಡ್ಡು ಕೂಡಿಟ್ಟರು, ತಮ್ಮೂರಾದ ನ್ಯೂಪಡ್ಪುವಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ದೇಶವೇ ಅವರತ್ತ ತಿರುಗಿತು. ಅದಕ್ಕೂ ಮೊದಲು ಚೌಕಾಸಿ ಮಾಡಿ ಹಣ್ಣು ಕೊಂಡ ನಮ್ಮಲ್ಲಿ, ‘ಈ ದುಡ್ಡು ಏನು ಮಾಡುತ್ತೀರಿ?’ ಎಂದು ಕೇಳಿದವರು ಎಷ್ಟು ಮಂದಿ ಇದ್ದಾರು?

ಕೂತು ಕೇಳಿದರೆ ಏನು ಸಿಗಬಹುದು ಎಂಬುದಕ್ಕೂ ಒಂದು ಉದಾಹರಣೆ ಇದೆ. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಗದ್ದೆ ಕೆಲಸದವರು. 1990ರ ಡಿಸೆಂಬರಿನಲ್ಲಿ ಜಾನಪದ ವಿದ್ವಾಂಸರಾದ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಎದುರು ಕೂತು ಅವರ ಹಾಡು ಕೇಳಿದರು. ನಾಯ್ಕರು ನೆನಪಿನಿಂದಲೇ ಹಾಡಿದ ಸಿರಿ ಪಾಡ್ದನ ಎಂಬ ತುಳು ಕಥನಗೀತೆ ಅಕ್ಷರಕ್ಕಿಳಿದಾಗ 15,683 ಸಾಲಾಯಿತು. ಕೇಳುವ ಕಿವಿ ಸಿಕ್ಕಿದ್ದರಿಂದ ಅದು ಉಳಿಯಿತು.

ಹಾಗಾಗಿ ನನ್ನ ವಿನಂತಿ ಇಷ್ಟು. ಮೊದಲು ಹೆಸರು ತಿಳಿದುಕೊಳ್ಳಿ, ಆ ಹೆಸರಿಂದಲೇ ಕರೆಯಿರಿ. ಮೀನು ಕ್ಲೀನ್ ಆಗುವವರೆಗೆ ಮೊಬೈಲ್ ಜೇಬಿನಲ್ಲಿರಲಿ. ಊರು ಯಾವುದು, ಯಕ್ಷಗಾನ ಮೇಳದಲ್ಲಿ ವೇಷ ಮಾಡಿದ್ದುಂಟೋ, ಗದ್ದೆಯಲ್ಲಿ ನೇಜಿ ನೆಡುವಾಗ ಯಾವ ಪಾಡ್ದನ ಹೇಳುತ್ತಿದ್ದಿರಿ ಎಂದು ಕೇಳಿ. ಅವರು ಒಪ್ಪಿದರೆ ಹಾಡನ್ನು ರೆಕಾರ್ಡ್ ಮಾಡಿ, ಒಂದು ಪ್ರತಿ ಅವರ ಮನೆಗೂ ಕೊಡಿ. ತುಳು ಅಕಾಡೆಮಿಯ ತುಳು ಭವನ ಉರ್ವಸ್ಟೋರಿನಲ್ಲೇ ಇದೆ, ಅಲ್ಲಿಗೂ ತಲುಪಿಸಿ. ಫ್ಲ್ಯಾಟ್ ಅಸೋಸಿಯೇಶನ್‌ನವರು ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆ ವೇದಿಕೆಯನ್ನು ಇವರಿಗೆ ಬಿಟ್ಟುಕೊಡಿ.

ಮಾತಾಡಲು ಮನಸ್ಸಿಲ್ಲದವರನ್ನು ಕೆದಕಬೇಡಿ. ಎಲ್ಲರಲ್ಲೂ ಹಾಡೋ ಸಾಹಸವೋ ಇರಲೇಬೇಕೆಂದಿಲ್ಲ. ಮಕ್ಕಳನ್ನು ಓದಿಸಲು ಮೂವತ್ತು ವರ್ಷ ಬೀಡಿ ಕಟ್ಟಿದ ತಾಯಿಗೆ ಆ ದುಡಿಮೆಯೇ ದೊಡ್ಡ ಕಥೆ. ಗೌರವ ಕೊಡಲು ಪದ್ಮಶ್ರೀ ಬರುವವರೆಗೆ ಕಾಯಬೇಕಾಗಿಲ್ಲ.

ಈ ಭಾನುವಾರ ಮೀನಿಗೆ ಹೊರಡುವಾಗ ಹತ್ತು ನಿಮಿಷ ಮುಂಚೆ ಹೊರಡಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.