ಮಸಿ ಕೊಳೆಯಲ್ಲ



ಮಾದರಿ ವಿಮಾನಕ್ಕೆ ಮದುವಣಗಿತ್ತಿಯ ಸಿಂಗಾರ ಮಾಡಬಯಸುವವರನ್ನು ಕುರಿತು ಈ ಬಾರಿ ತುಸು ಕಟುವಾಗಿಯೇ ಬರೆಯಬೇಕಾಗಿದೆ. ನಮ್ಮ ಉಪ್ಪಿನಬೆಟಗೇರಿಯ ಸುತ್ತಲಿನ ಶಾಲೆಯೊಂದರ ವಸ್ತುಪ್ರದರ್ಶನದಲ್ಲಿ ಬಾಲಕನೊಬ್ಬನು ‘ಮಾರುತ್’ ಯುದ್ಧವಿಮಾನದ ಮಾದರಿಯನ್ನಿಟ್ಟಿದ್ದನು. ಮೂತಿಯ ಇಕ್ಕೆಲಗಳಲ್ಲಿ ಮಸಿ, ರೆಕ್ಕೆಯ ಬುಡದಲ್ಲಿ ಸವೆದ ಬಣ್ಣ. ತೀರ್ಪುಗಾರರು, “ಇದೇನು ಹೊಲಸು? ಒರೆಸಿ, ಹೊಳೆಯುವ ಬಣ್ಣ ಹಚ್ಚು” ಎಂದು ಹೇಳಿ ಮುಂದೆ ನಡೆದರು.

ಆ ಮಸಿ ಹೊಲಸಲ್ಲ, ಇತಿಹಾಸ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಮಾರುತ್, 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲ ಬಾರಿಗೆ ಹಾರಿತು. 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ದುಡಿಯಿತು. ಅದರ ಮೂತಿಯಲ್ಲಿ 30 ಮಿ.ಮೀ.ನ ನಾಲ್ಕು ಫಿರಂಗಿಗಳಿದ್ದವು. ಗುಂಡು ಹಾರಿಸಿದ ಬಾಯಿಯ ಬಳಿ ಮಸಿ ಕೂರದೆ ಕುಂಕುಮ ಕೂರುವುದೇ?

ನೇಗಿಲನ್ನು ನೋಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳುವ ಕುಳ ಮಣ್ಣಿಗೆ ತಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಮೂಲೆಗೆ ಬಿದ್ದ ಕುಳಕ್ಕೆ ತುಕ್ಕು ಹಿಡಿಯುತ್ತದೆ. ಹಾಗೆಯೇ ತಂತ್ರಜ್ಞರ ಬೂಟುಗಳು ಏರಿಳಿದಲ್ಲಿ ವಿಮಾನದ ಬಣ್ಣ ಸವೆಯುತ್ತದೆ.

ಈ ಗುರುತುಗಳನ್ನು ಮೂಡಿಸುವ ಕೆಲಸಕ್ಕೆ ಹವ್ಯಾಸಿಗಳು ‘ವೆದರಿಂಗ್’ ಎನ್ನುತ್ತಾರೆ. ಬಣ್ಣವನ್ನು ಒಮ್ಮೆಗೇ ಮೆತ್ತದೆ ತೆಳುವಾಗಿ ಹಲವು ಸಲ ಹಚ್ಚಬೇಕು. ಅದು ಆರಿದ ಮೇಲೆ ನುಣುಪಾದ ವಾರ್ನಿಶ್. ಬಳಿಕ ಟರ್ಪೆಂಟೈನಿನಲ್ಲಿ ನೀರಾಗಿಸಿದ ಕಡುಬಣ್ಣವನ್ನು ತಗಡುಗಳ ಸಂದಿನ ಗೆರೆಗೆ ಕುಂಚದ ತುದಿಯಿಂದ ಮುಟ್ಟಿಸಿದರೆ ಸಾಕು, ಅದು ತಾನೇ ಹರಿದುಕೊಂಡು ಹೋಗುತ್ತದೆ. ಉಳಿದದ್ದನ್ನು ಒರೆಸಿ, ಕಡೆಗೆ ಹೊಳಪಿಲ್ಲದ ವಾರ್ನಿಶ್ ಕೊಡಬೇಕು. ಮಸಿಗೆ ಸೀಮೆಸುಣ್ಣದಂಥ ಬಣ್ಣದ ಕಡ್ಡಿಯ ಪುಡಿ. ತಾಳ್ಮೆಯಿಲ್ಲದವನಿಗೆ ಒಲಿಯುವ ವಿದ್ಯೆಯಲ್ಲ ಇದು.

ಹಾಗೆಂದು ಕಂಡಕಂಡಲ್ಲಿ ಗೀರಿ ಕೆಡಿಸುವವರನ್ನೂ ನಾನು ಮೆಚ್ಚಲಾರೆ. 72ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಮಾರುತ್‌ನ ಒಂಬತ್ತು ಮೀಟರ್ ರೆಕ್ಕೆಯಗಲ ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಅಲ್ಲಿ ಒಂದು ಮಿಲಿಮೀಟರಿನ ಗೀರೆಂದರೆ ನಿಜ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ಮಿಗಿಲು! ಚಕ್ರಕ್ಕೆ ಮೆತ್ತುವ ಧೂಳೂ ಮರುಭೂಮಿಯದಾಗಿರಬೇಕು, ನಮ್ಮ ಎರೆ ಹೊಲದ್ದಲ್ಲ. ತೀರ್ಪುಗಾರರು ಕೇಳಬೇಕಾದ ಪ್ರಶ್ನೆ ಒಂದೇ: “ಈ ಕಲೆ ಇಲ್ಲೇ ಏಕೆ?” ಉತ್ತರ ಬಲ್ಲ ಮಗುವಿಗೆ ಅಂಕ ಕೊಡಿ.

ಇದೆಲ್ಲ ಪರದೇಶದ ಹುಡುಗಾಟವೆನ್ನುವ ಬಂಧುಗಳೂ ಉಂಟು. ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗೈಯಗಲದ ಜೋಡೆತ್ತು ಮಾಡಿ, ಇಣಿ, ಕೊಂಬು, ನೊಗಗಳನ್ನು ತಪ್ಪದೆ ತಿದ್ದುವ ಊರಿನವರು ಆಡುವ ಮಾತೇ ಇದು?

ಬೆಂಗಳೂರಿನಲ್ಲಿರುವವರು ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದು ಮಾರುತ್ ತೋರಿಸಿರಿ. ಅದರ ಆಕಾರ ಅಲ್ಲಿ ತಿಳಿಯುತ್ತದೆ. ದುಡಿಯುತ್ತಿದ್ದ ಕಾಲದ ಬಣ್ಣ ತಿಳಿಯಬೇಕಾದರೆ ಮಾತ್ರ 1971ರ ಛಾಯಾಚಿತ್ರಗಳನ್ನೇ ಹುಡುಕಬೇಕು.