ಮುಕ್ತ ತಂತ್ರಾಂಶಕ್ಕೆ ಪೋಷಕರು ಬೇಕು

ನಾನು ಡಿಟಿಪಿ ಅಂಗಡಿ ನಡೆಸುವವನು. ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರು ಹಳೆಯ ಸಿ.ಡಿ. ಹಿಡಿದು ಬಂದರು. ಅದರಲ್ಲಿ ಅವರು ಸಂಗ್ರಹಿಸಿದ್ದ ಊರಿನ ಸೋಬಾನೆ ಪದಗಳಿದ್ದವು. ಫೈಲ್ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು! ಯುನಿಕೋಡ್‌ಗೆ ಮುಂಚಿನ ಫಾಂಟಿನ ಆ ಬರಹವನ್ನು ಉಳಿಸಿಕೊಟ್ಟದ್ದು ಸ್ವಯಂಸೇವಕರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಪರಿವರ್ತಕ. ಕೆಟ್ಟಿದ್ದ ನಾಲ್ಕಾರು ಒತ್ತಕ್ಷರಗಳನ್ನು ಮಾತ್ರ ಕೈಯಿಂದ ತಿದ್ದಿದೆ.

ಇಂಥ ಮುಕ್ತ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ನಿಜ. ಅದನ್ನು ಕಾಯುವವರ ದುಡಿಮೆ ಪುಕ್ಕಟೆಯಲ್ಲ. ಅಸಂಖ್ಯ ಜಾಲತಾಣಗಳಿಗೆ ಬೀಗದಂತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವನ್ನು ಬೆರಳೆಣಿಕೆಯ ಮಂದಿ ನೋಡಿಕೊಳ್ಳುತ್ತಿದ್ದಾರೆಂದು ಜನರಿಗೆ ತಿಳಿದದ್ದು 2014ರಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ. ಆ ಬಳಿಕ ಗೂಗಲ್, ಮೈಕ್ರೋಸಾಫ್ಟ್ ಮುಂತಾದ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಇಂಥ ತಂತ್ರಾಂಶಗಳ ನಿರ್ವಹಣೆಗೆ ಹಣ ಕೂಡಿಸಿದವು. ಜರ್ಮನಿ ಸರ್ಕಾರ 2022ರಲ್ಲಿ ಇದಕ್ಕೆಂದೇ ನಿಧಿ ತೆರೆಯಿತು.

ನಮ್ಮ ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಬಳಸುವ ನೀತಿ ತಂದಿದೆ. ಆದರೆ ಬಳಸಿದರಷ್ಟೇ ಸಾಲದು; ಕೆರೆ ಕಟ್ಟಿಸಿ ಹೂಳೆತ್ತದೆ ಬಿಟ್ಟರೆ ನೀರು ನಿಲ್ಲುವುದಿಲ್ಲ. ರಾಜ್ಯ ಸರ್ಕಾರ ಮತ್ತು ಬೆಂಗಳೂರಿನ ಐಟಿ ಕಂಪನಿಗಳು ಸೇರಿ ಒಂದು ನಿರ್ವಹಣಾ ನಿಧಿ ಸ್ಥಾಪಿಸಲಿ. ಕನ್ನಡದ ಫಾಂಟ್, ಪರಿವರ್ತಕ, ಕಾಗುಣಿತ ಪರೀಕ್ಷಕಗಳನ್ನು ನೋಡಿಕೊಳ್ಳುವವರಿಗೆ ಪ್ರತಿವರ್ಷ ಸಂಭಾವನೆ ಸಿಗಲಿ. ಸಾರ್ವಜನಿಕರ ಹಣದಲ್ಲಿ ಬರೆದ ಕೋಡ್ ಸಾರ್ವಜನಿಕರದ್ದೇ ಆಗಿರಲಿ. ಮೇಷ್ಟ್ರ ಹಾಡುಗಳು ಮೊಮ್ಮಕ್ಕಳ ಮೊಬೈಲಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳಬೇಕು.

– ಓದುಗ, ತಿಪಟೂರು